ಮಾತ್ರೆ ಎಂದರೆ ಅಳತೆ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಾವು ಛಂದಸ್ಸನ್ನು ಕಲಿತೆವು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದೇ ಒಂದು ಮಾತ್ರೆ ಹೆಚ್ಚಾದರೂ ಷಟ್ಪದಿಯ ನಡೆ ಕುಂಟುವುದೆಂದು ಗುರುಗಳು ಬೆರಳು ಮಡಚಿ ಎಣಿಸಿ ತೋರಿಸುತ್ತಿದ್ದರು. ಮುಂದೆ ಮೂವತ್ತು ವರ್ಷ ನಾವೂ ಅದನ್ನೇ ವಿದ್ಯಾರ್ಥಿಗಳಿಗೆ ಬೋಧಿಸಿದೆವು. ಔಷಧದ ಗುಳಿಗೆಗೂ ಕನ್ನಡದಲ್ಲಿ ಮಾತ್ರೆಯೆಂದೇ ಹೆಸರು. ಸಂಸ್ಕೃತದ 'ಮಾತ್ರಾ' ಶಬ್ದಕ್ಕೆ ಅಳತೆಯೆಂದು ಅರ್ಥ. ಈ ಅರ್ಥವನ್ನು ಪಾಠದಲ್ಲಿ ಹೇಳಿದ ನಾವು ಬಾಳಿನಲ್ಲಿ ಮರೆತೆವು. ಅದರ ಫಲವನ್ನು ನಮ್ಮ ಅಕ್ಕ ಉಣ್ಣಬೇಕಾಯಿತು. ಅದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದಕ್ಕಾಗಿಯೇ ಈ ಬರಹ.

ನಿವೃತ್ತಿಯ ತರುವಾಯ ನಾವು ಮಣಿಪಾಲದಲ್ಲಿ ಮಗನೊಡನೆ ನೆಲೆಸಿದ್ದೇವೆ. 2022ರ ಮಳೆಗಾಲದಲ್ಲಿ ಸೊಂಟ, ತೊಡೆಗಳ ನೋವು ಹೆಚ್ಚಿದಾಗ ಉಡುಪಿಯಲ್ಲಿ ರಕ್ತಪರೀಕ್ಷೆ ಮಾಡಿಸಿದೆವು. ವಿಟಮಿನ್ ಡಿ 11 ನ್ಯಾನೋಗ್ರಾಂ ಮಾತ್ರವಿತ್ತು. ಮೂಳೆಗಳಿಗೆ 20ರಷ್ಟಾದರೂ ಇರಬೇಕೆಂದು ವೈದ್ಯರು ತಿಳಿಸಿದರು. ಇಷ್ಟು ಬಿಸಿಲಿರುವ ನಾಡಿನಲ್ಲಿ ಈ ಕೊರತೆಯೇ ಎಂದು ನಮಗೆ ಅಚ್ಚರಿಯಾಯಿತು. ಕಾರಣ ಸರಳವಾದುದು. ಈ ಜೀವಸತ್ವವನ್ನು ನಮ್ಮ ಚರ್ಮವೇ ಬಿಸಿಲಿನ ಅತಿನೇರಳೆ ಕಿರಣಗಳಿಂದ ಸಿದ್ಧಪಡಿಸುತ್ತದೆ. ಆ ಕಿರಣಗಳು ನಡುಹಗಲಿನಲ್ಲಿ ಹೆಚ್ಚು. ಮುಂಜಾವಿನಲ್ಲಿ, ಸಂಜೆಯಲ್ಲಿ ಅತ್ಯಲ್ಪ. ಕಿಟಕಿಯ ಗಾಜನ್ನು ಅವು ದಾಟಲಾರವು. ವಯಸ್ಸಾದಂತೆ ಚರ್ಮದ ಶಕ್ತಿಯೂ ಕುಗ್ಗುತ್ತದೆ. ಪಡಸಾಲೆಯಲ್ಲಿ ಗ್ರಂಥ ಹಿಡಿದು ಕುಳಿತ ನಮ್ಮಂಥವರಿಗೆ, ಮೀನು ಮೊಟ್ಟೆಗಳನ್ನು ಮುಟ್ಟದ ಸಸ್ಯಾಹಾರಿಗಳಿಗೆ, ಈ ಕೊರತೆ ಬರುವುದು ಸಹಜ. ವೈದ್ಯರು 60,000 ಯೂನಿಟ್ಟಿನ ಪುಡಿಯ ಪೊಟ್ಟಣಗಳನ್ನು ಬರೆದುಕೊಟ್ಟು, ವಾರಕ್ಕೊಂದರಂತೆ ಎಂಟು ವಾರ ಸೇವಿಸಿ ಮತ್ತೆ ಬರಬೇಕೆಂದರು. ನಾವು ಹಾಗೆಯೇ ಮಾಡಿದೆವು, ನೋವು ತಗ್ಗಿತು.

ನಮ್ಮ ಅಕ್ಕನವರಿಗೆ ಎಪ್ಪತ್ತನಾಲ್ಕು. ಕಾಪುವಿನಲ್ಲಿ ಮಗನ ಮನೆಯಲ್ಲಿದ್ದರು. 1901ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭ ಅವರ ಹಿತ್ತಿಲಿನಿಂದ ಕಾಣುತ್ತದೆ. ಆ ವರ್ಷದ ದೀಪಾವಳಿಗೆ ಹೋದಾಗ ಅವರು ಮೊಣಕಾಲು ಹಿಡಿದುಕೊಂಡು ನರಳುತ್ತಿದ್ದರು. ನಮ್ಮಲ್ಲಿ ಉಳಿದಿದ್ದ ನಾಲ್ಕು ಪೊಟ್ಟಣಗಳನ್ನು ಕೊಟ್ಟು, "ಅಕ್ಕಾ, ಇದನ್ನ ಹಾಲಿನ್ಯಾಗ ಹಾಕ್ಕೊಂಡು ಕುಡಿ, ಭಾಳ ಛಲೋ ಅದ" ಎಂದೆವು. 'ವಾರಕ್ಕೊಮ್ಮೆ' ಎಂಬ ಒಂದು ಪದವನ್ನು ಹೇಳಲಿಲ್ಲ. ಅವರಿಗೆ ಪರೀಕ್ಷೆಯಾಗಿದೆಯೇ, ಬೇರೆ ಯಾವ ಔಷಧಗಳಿವೆ ಎಂದು ಕೇಳಲೂ ಇಲ್ಲ. ಮಠದಲ್ಲಿ ಓದಿದ ತಮ್ಮನ ಮಾತು ಅವರಿಗೆ ವೇದವಾಕ್ಯ. ನಾಲ್ಕು ಮುಗಿದ ಮೇಲೆ ಅಂಗಡಿಯಿಂದ ತರಿಸಿಕೊಂಡು ದಿನಕ್ಕೊಂದರಂತೆ ಸೇವಿಸಿದರು.

ಒಂದೂವರೆ ತಿಂಗಳು ಕಳೆಯಿತು. 1432ರಲ್ಲಿ ಪ್ರತಿಷ್ಠಾಪನೆಯಾದ ಗೊಮ್ಮಟನನ್ನು ನೋಡಬೇಕೆಂಬ ಆಸೆಯಿಂದ ಅಕ್ಕ ಕಾರ್ಕಳಕ್ಕೆ, ಮಗಳ ಮನೆಗೆ ಹೋದರು. ಬೆಟ್ಟ ಹತ್ತಲಾಗಲಿಲ್ಲ. ತೀರದ ಬಾಯಾರಿಕೆ, ಗಳಿಗೆಗೊಮ್ಮೆ ಮೂತ್ರ, ಮಲಬದ್ಧತೆ, ಓಕರಿಕೆ. ನಾಲ್ಕನೆಯ ದಿನ ಮೊಮ್ಮಗನ ಹೆಸರೇ ನೆನಪಾಗಲಿಲ್ಲ. ವಯೋಸಹಜವೆಂದು ಎಲ್ಲರೂ ಭಾವಿಸಿದೆವು. ಅಲ್ಲಿಯ ಒಬ್ಬ ತರುಣ ವೈದ್ಯರು ಮಾತ್ರ, "ಅಜ್ಜಿ ಏನೇನು ಔಷಧ ತೆಗೆದುಕೊಳ್ಳುತ್ತಾರೆ, ಎಲ್ಲವನ್ನೂ ಚೀಲ ಸಮೇತ ತನ್ನಿ" ಎಂದರು. ಚೀಲದಲ್ಲಿ ಸುಣ್ಣದಂಶದ ಗುಳಿಗೆಯಿತ್ತು, ರಕ್ತದೊತ್ತಡದ ಗುಳಿಗೆಯಿತ್ತು, ಹರಿದ ಪೊಟ್ಟಣಗಳ ಕಟ್ಟೂ ಇತ್ತು. ರಕ್ತದಲ್ಲಿ ಕ್ಯಾಲ್ಸಿಯಂ 13.8 ಮಿಲಿಗ್ರಾಂಗೇರಿತ್ತು, ಹತ್ತೂವರೆಯೊಳಗಿರಬೇಕಾದುದು. ಮೂತ್ರಪಿಂಡಗಳೂ ಬಳಲಿದ್ದವು. ಅಂದೇ ಮಣಿಪಾಲಕ್ಕೆ ಕರೆತಂದೆವು.

ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ನಾವು ಲೆಕ್ಕ ಹಾಕಿದೆವು. 45 ದಿನಗಳಿಗೆ 27 ಲಕ್ಷ ಯೂನಿಟ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ಹೇಳಿದ ದಿನದ ಪ್ರಮಾಣ 600 ಯೂನಿಟ್. ವೈದ್ಯರ ನಿಗಾ ಇಲ್ಲದೆ ಮೀರಬಾರದ ಗಡಿ 4,000. ಒಂದು ಪೊಟ್ಟಣವೆಂದರೆ ನೂರು ದಿನಗಳ ಪಾಲು. ಅಕ್ಕ ಹನ್ನೆರಡು ವರ್ಷಗಳಿಗೂ ಮಿಕ್ಕ ಪಾಲನ್ನು ಒಂದೂವರೆ ತಿಂಗಳಲ್ಲಿ ನುಂಗಿದ್ದರು. ಬಿಸಿಲಿನಿಂದ ಈ ವಿಷ ಏರದು. ಸಾಕಾದ ಮೇಲೆ ಹೆಚ್ಚಿನದನ್ನು ಬಿಸಿಲೇ ಚರ್ಮದಲ್ಲಿ ನಿರುಪಯುಕ್ತ ವಸ್ತುವಾಗಿಸುತ್ತದೆ. ಪೊಟ್ಟಣಕ್ಕೆ ಆ ವಿವೇಕವಿಲ್ಲ. ನೀರಿನಲ್ಲಿ ಕರಗುವ ಜೀವಸತ್ವಗಳಂತೆ ಇದು ಮೂತ್ರದಲ್ಲಿ ಹರಿದುಹೋಗದೆ ಕೊಬ್ಬಿನಲ್ಲಿ ನೆಲೆಸಿ, ಕರುಳಿನಿಂದ ಹೆಚ್ಚು ಹೆಚ್ಚು ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆಯುತ್ತದೆ. ಸಲೈನ್ ಹನಿಸಿ, ಆ ಗುಳಿಗೆಗಳನ್ನೆಲ್ಲ ನಿಲ್ಲಿಸಿದರೂ ಅಕ್ಕ ಪೂರ್ತಿ ಚೇತರಿಸಿಕೊಳ್ಳಲು ಮೂರು ತಿಂಗಳು ಹಿಡಿಯಿತು.

ಆದುದರಿಂದ ನಮ್ಮ ಮನೆಯಲ್ಲಿ ಕೆಲವು ನೇಮಗಳನ್ನು ಮಾಡಿಕೊಂಡಿದ್ದೇವೆ. ವೈದ್ಯರು ಪರೀಕ್ಷಿಸಿ ಬರೆಯದೆ ದೊಡ್ಡ ಪ್ರಮಾಣದ ಪುಡಿಯನ್ನು ಯಾರೂ ಮುಟ್ಟಬಾರದು. ವಾರದ ಔಷಧಕ್ಕೆ ಒಂದೇ ವಾರ ಗೊತ್ತಿರಬೇಕು. ನಮ್ಮಲ್ಲಿ ಅದು ಸೋಮವಾರ, ಸೇವಿಸಿದೊಡನೆ ಪಂಚಾಂಗದ ಮೇಲೆ ಗುರುತು. ಊಟವಾದ ಮೇಲೆ ಸೇವಿಸಿದರೆ ಮೈಗೆ ಹತ್ತುತ್ತದೆ. ಹೇಳಿದ ವಾರಗಳು ಮುಗಿದೊಡನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೂತ್ರಪಿಂಡದ ಕಲ್ಲು, ಕ್ಷಯ ಇದ್ದವರು, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆ ನುಂಗುವವರು ಮೊದಲೇ ಅದನ್ನು ತಿಳಿಸಬೇಕು. ಮಕ್ಕಳಿಗೆ ದೊಡ್ಡವರ ಪೊಟ್ಟಣ ಸಲ್ಲದು. ಹನಿ ಔಷಧಗಳ ಸಾಂದ್ರತೆಯೂ ಒಂದೇ ತೆರನಲ್ಲವಾದ್ದರಿಂದ ಸೀಸೆ ಬದಲಾದಾಗಲೆಲ್ಲ ಪ್ರಮಾಣವನ್ನು ಹೊಸದಾಗಿ ಕೇಳಬೇಕು.

ಹೆಚ್ಚು ಕೊಟ್ಟರೆ ಹೆಚ್ಚು ಬಲವೆಂಬುದು ಭ್ರಮೆ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ 2,256 ಸ್ತ್ರೀಯರ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಪಡೆದವರೇ, ಔಷಧವಿಲ್ಲದ ಗುಳಿಗೆ ಪಡೆದವರಿಗಿಂತ ಹೆಚ್ಚು ಬಾರಿ ಬಿದ್ದರು, ಮೂಳೆ ಮುರಿದುಕೊಂಡರು. ಹಾಗೆಂದು ಕೊರತೆಯುಳ್ಳವರು ಔಷಧಕ್ಕೆ ಹೆದರಬೇಕಿಲ್ಲ. ನಮಗೆ ಗುಣವಾದುದು ಅದರಿಂದಲೇ.

1953ರಲ್ಲಿ ಡಾ. ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಊರಿನಲ್ಲಿದ್ದುಕೊಂಡು ನಾವು ವೈದ್ಯರ ಪೀಠವನ್ನೇರಿದೆವು. ಗುಣವಾಗಿ ಮನೆಗೆ ಬಂದ ಅಕ್ಕನವರ ಬಳಿ ತಪ್ಪೊಪ್ಪಿಕೊಂಡಾಗ, "ನೀ ಕೆಟ್ಟದ್ದು ಮಾಡಬೇಕಂತ ಕೊಟ್ಟಿಲ್ಲಲ್ಲೋ ತಮ್ಮಾ. ವಾರಕ್ಕೊಂದು ಅಂತ ಹೇಳಿದ್ದರ ಸಾಕಿತ್ತು" ಎಂದು ನಕ್ಕರು. ಅವರ ನಗು ನಮಗೆ ಬೈಗುಳಕ್ಕಿಂತ ಭಾರವಾಯಿತು. ಹಿರಿಯರ ಮಾತನ್ನು ಮನೆಮಂದಿ ನಂಬುತ್ತಾರೆ. ನಂಬುತ್ತಾರೆಂದೇ ನಾವು ಅಳೆದು ಆಡಬೇಕು. ಈಗ ಯಾರಾದರೂ ನಮ್ಮಲ್ಲಿ ಔಷಧದ ಮಾತೆತ್ತಿದರೆ ಛಂದಸ್ಸು ಕೇಳಿರಪ್ಪಾ, ಅದನ್ನು ಹೇಳಿಕೊಡುತ್ತೇವೆ. ಇದಕ್ಕೆ ವೈದ್ಯರಿದ್ದಾರೆ ಎನ್ನುತ್ತೇವೆ.