ಆ 41 ಸೆಕೆಂಡ್

ನನ್ನ ಫೋನಿನಲ್ಲಿ 41 ಸೆಕೆಂಡಿನ ಒಂದು ವಿಡಿಯೊ ಇದೆ. ಕಪ್ಪು ಮೋಡ, ಹಣ್ಣಾಗುತ್ತಿರುವ ಗೋಧಿ ಹೊಲ, ನಡುವೆ ಆನೆಯ ಸೊಂಡಿಲಿನ ಹಾಗೆ ನೆಲಕ್ಕಿಳಿದ ಸುಂಟರಗಾಳಿ. ಹಿನ್ನೆಲೆಯಲ್ಲಿ ಒಬ್ಬಳು ಕನ್ನಡದಲ್ಲಿ ಕಿರುಚುತ್ತಾಳೆ: 'ಅಯ್ಯೋ ದೇವ್ರೇ, ಎಷ್ಟ್ ಚೆನ್ನಾಗಿದೆ!'

ಅದು ನಾನೇ. ಈಗ ಆ ವಿಡಿಯೊ ನೋಡುವಾಗ ಸೌಂಡ್ ಆಫ್ ಮಾಡಿಕೊಂಡೇ ನೋಡುತ್ತೇನೆ.

ನಮ್ಮೂರು ಚಿತ್ರದುರ್ಗ. ಗಾಳಿ ನಮಗೆ ಹೊಸದಲ್ಲ. ಗುಡ್ಡದ ತುಂಬ ಗಾಳಿಯಂತ್ರಗಳೇ. ಬೇಸಿಗೆಯಲ್ಲಿ ಬಯಲಲ್ಲಿ ಧೂಳು ಸುತ್ತಿಕೊಂಡು ಎದ್ದರೆ ಅಜ್ಜಿ 'ದೆವ್ವದ ಗಾಳಿ, ಒಳಗ್ ಬಾ' ಅಂತ ಕೂಗುತ್ತಿದ್ದಳು. ನಾವು ಅದರೊಳಗೇ ಓಡುತ್ತಿದ್ದೆವು. ಸುಂಟರಗಾಳಿ ಅಂದರೆ ನನಗೆ ಅಷ್ಟೇ ಗೊತ್ತಿದ್ದದ್ದು.

ಕೆಲಸಕ್ಕೆಂದು ಓಕ್ಲಹೋಮ ಸಿಟಿಗೆ ಬಂದ ಮೊದಲ ಶನಿವಾರ ಮಧ್ಯಾಹ್ನ 12 ಗಂಟೆಗೆ ಊರಿಡೀ ಸೈರನ್ ಮೊಳಗಿತು. ನಾನು ಪಾಸ್‌ಪೋರ್ಟ್ ಹಿಡಿದುಕೊಂಡು ಬಾತ್‌ರೂಮ್ ಸೇರಿಕೊಂಡೆ. ಹತ್ತು ನಿಮಿಷ ಬಿಟ್ಟು ಇಣುಕಿದರೆ ಪಕ್ಕದ ಮನೆಯವರು ಆರಾಮಾಗಿ ಹುಲ್ಲು ಕತ್ತರಿಸುತ್ತಿದ್ದಾರೆ. ಶನಿವಾರದ ಸೈರನ್ ಬರೀ ಪರೀಕ್ಷೆಯಂತೆ. ಸೋಮವಾರ ಆಫೀಸಿನಲ್ಲಿ ಈ ಕಥೆ ಕೇಳಿ ಎಲ್ಲರಿಗಿಂತ ಹೆಚ್ಚು ನಕ್ಕವನು ಪಕ್ಕದ ಕುರ್ಚಿಯ ಸಹೋದ್ಯೋಗಿ. ಅವನೂ ಅವನ ಹೆಂಡತಿಯೂ ವರ್ಷಗಳಿಂದ ಸುಂಟರಗಾಳಿಗಳನ್ನು ಬೆನ್ನಟ್ಟಿ ಫಿಲ್ಮ್ ಮಾಡುವವರು. 'ಮೇ ತಿಂಗಳಲ್ಲಿ ಒಂದು ದಿನ ರಜೆ ಉಳಿಸಿಕೋ' ಅಂದ. ಉಳಿಸಿಕೊಂಡೆ.

ಸಿನಿಮಾದಲ್ಲಿ ತೋರಿಸುವ ಹಾಗೆ ಇರುತ್ತದೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದು ಮುಕ್ಕಾಲು ಪಾಲು ಕಾಯುವ ಕೆಲಸ. ಇಲ್ಲೇ ಪಕ್ಕದ ನಾರ್ಮನ್ ಊರಿನಲ್ಲಿ ಇಡೀ ಅಮೆರಿಕಕ್ಕೆ ಬಿರುಗಾಳಿಯ ಮುನ್ಸೂಚನೆ ಕೊಡುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಇದೆ. ಬೆಳಿಗ್ಗೆ ಅವರ ನಕ್ಷೆ ನೋಡಿ, ಐ-40 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟೆವು. ವೆದರ್‌ಫರ್ಡ್ ಹತ್ತಿರ ಸಾಲು ಸಾಲು ಗಾಳಿಯಂತ್ರಗಳು ಕಂಡಾಗ ಒಂದು ಕ್ಷಣ ಊರಿನ ನೆನಪಾಗಿ ಗಂಟಲು ಕಟ್ಟಿತು. ಆಮೇಲೆ ಒಂದು ಪೆಟ್ರೋಲ್ ಬಂಕಿನ ಮುಂದೆ ನಾಲ್ಕು ಗಂಟೆ ಚಿಪ್ಸ್ ತಿನ್ನುತ್ತಾ ಕೂತೆವು.

ಅಲ್ಲೇ ಅವನು ಪಾಠ ಮಾಡಿದ. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚಗಿನ, ತೇವದ ಗಾಳಿ ಬರುತ್ತದೆ. ಪಶ್ಚಿಮದ ಎತ್ತರದ ಒಣ ನಾಡಿನಿಂದ ಒಣ ಗಾಳಿ ಬರುತ್ತದೆ. ಎರಡೂ ಈ ಬಯಲಿನಲ್ಲಿ ಎದುರಾಗುತ್ತವೆ. ಮೇಲೊಂದು ಬೆಚ್ಚನೆಯ ಪದರ ಕುಕ್ಕರ್ ಮುಚ್ಚಳದ ಹಾಗೆ ಎಲ್ಲವನ್ನೂ ಒತ್ತಿಟ್ಟಿರುತ್ತದೆ. ಸಂಜೆ ಹೊತ್ತಿಗೆ ಮುಚ್ಚಳ ಹಾರಿದರೆ ಮೋಡ ಒಂದೇ ಏಟಿಗೆ ಆಕಾಶಕ್ಕೇರುತ್ತದೆ. ಕೆಳಗಿನ ಗಾಳಿ ಒಂದು ದಿಕ್ಕು, ಮೇಲಿನ ಗಾಳಿ ಇನ್ನೊಂದು ದಿಕ್ಕು. ಎರಡು ಅಂಗೈ ನಡುವೆ ಪೆನ್ಸಿಲ್ ಉರುಳಿಸಿದಂತೆ ಗಾಳಿ ಅಡ್ಡಡ್ಡ ಉರುಳುತ್ತದೆ; ಮೇಲೇಳುವ ಬಿಸಿಗಾಳಿ ಆ ಉರುಳನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಇಡೀ ಮೋಡವೇ ತಿರುಗತೊಡಗುತ್ತದೆ.

'ರಾಡಾರ್ ಇದೆಯಲ್ಲ, ನೀವೇಕೆ ಹೋಗಬೇಕು?' ಅಂದೆ.

'ರಾಡಾರ್ ಕಿರಣ ನೇರ ಹೋಗುತ್ತೆ, ಭೂಮಿ ಬಾಗಿದೆ. ದೂರ ಹೋದಷ್ಟೂ ಕಿರಣ ನೆಲದಿಂದ ಮೇಲೆ. ಮೋಡ ತಿರುಗ್ತಿದೆ ಅಂತ ಗೊತ್ತಾಗುತ್ತೆ. ನೆಲ ಮುಟ್ಟಿತಾ ಅನ್ನೋದನ್ನ ಯಾರಾದ್ರೂ ಕಣ್ಣಾರೆ ನೋಡಿ ಹೇಳಬೇಕು' ಅಂದ.

ಅವನ ಹೆಂಡತಿ ಮಾತ್ರ ಬೇರೆಯೇ ಪಾಠ ಹೇಳಿದಳು. ನಾವು ದಾಟಿ ಬಂದ ಎಲ್ ರೀನೊ ಊರಿನ ಬಳಿ 2013ರ ಮೇ 31ರಂದು ಬಂದ ಸುಂಟರಗಾಳಿಯ ಅಗಲ ಸುಮಾರು 4.2 ಕಿಲೋಮೀಟರ್. ದಾಖಲೆಯಾದವುಗಳಲ್ಲೇ ಅತಿ ಅಗಲದ್ದು. ಅದು ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ವೇಗ ಹೆಚ್ಚಿಸಿಕೊಂಡಿತು. ಆ ದಿನ ಟಿಮ್ ಸಮರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಸತ್ತರು. ಟಿಮ್ ಹುಡುಗಾಟಕ್ಕೆ ಹೋದವರಲ್ಲ. 2003ರಲ್ಲಿ ಸೌತ್ ಡಕೋಟಾದ ಮ್ಯಾಂಚೆಸ್ಟರ್ ಬಳಿ ಸುಂಟರಗಾಳಿಯ ದಾರಿಯಲ್ಲೇ ಉಪಕರಣ ಇಟ್ಟು, ಅದರೊಳಗೆ ಗಾಳಿಯ ಒತ್ತಡ 100 ಮಿಲಿಬಾರ್ ಕುಸಿಯುವುದನ್ನು ಅಳೆದವರು. 'ಅಂಥವರಿಗೇ ಹಾಗಾಯ್ತು. ಅದಕ್ಕೇ ಸ್ಟೇರಿಂಗ್ ನನ್ನ ಕೈಲಿ. ನಾನು ಹೊರಡು ಅಂದ್ರೆ ಕ್ಯಾಮೆರಾ ಒಳಗೆ' ಅಂದಳು.

ಸಂಜೆ ಆರಕ್ಕೆ ಮುಚ್ಚಳ ಹಾರಿತು. ಹಾಲು ಉಕ್ಕಿದ ಹಾಗೆ ಮೋಡ ಉಕ್ಕಿತು. ನಾವು ಅದರ ಆಗ್ನೇಯಕ್ಕೆ, ಓಡಲು ದಾರಿ ಇರುವ ಕಡೆ ನಿಂತೆವು. ನನ್ನ ಬೆನ್ನಿಗೆ ಬಡಿಯುವ ಗಾಳಿ ಮೋಡದ ಕಡೆಗೇ ಓಡುತ್ತಿತ್ತು.

ಸರಿಯಾಗಿ ಏಳು ಗಂಟೆಗೆ ಅಮ್ಮನ ಫೋನ್. ಅಲ್ಲಿ ಬೆಳಿಗ್ಗೆ ಐದೂವರೆ. 'ಎಲ್ಲಿದೀಯೇ? ಅದೇನು ಶಬ್ದ?'

'ಆಫೀಸಲ್ಲಿದೀನಮ್ಮ. ಎಸಿ ಶಬ್ದ' ಅಂದೆ. ಅದು ಆ ದಿನದ ಮೊದಲ ಸುಳ್ಳು.

ಹತ್ತು ನಿಮಿಷದಲ್ಲಿ ಮೋಡದ ತಳದಿಂದ ಒಂದು ಮೊನೆ ಇಳಿಯಿತು. ಅದು ನೆಲ ಮುಟ್ಟುವ ಮುಂಚೆಯೇ ಕೆಳಗೆ ಕೆಂಪು ಧೂಳು ಎದ್ದು ತಿರುಗುತ್ತಿತ್ತು. ಆಮೇಲೆ ಎರಡೂ ಕೂಡಿದವು. ದೂರದಲ್ಲಿ ತುಂಬಿ ಹರಿಯುವ ಜಲಪಾತದಂಥ ಸದ್ದು. ಸಹೋದ್ಯೋಗಿ ಹವಾಮಾನ ಕಚೇರಿಗೆ ಫೋನ್ ಮಾಡಿ ಜಾಗ, ಸಮಯ ಹೇಳುತ್ತಿದ್ದ. ನಾನು ಫೋನ್ ಎತ್ತಿ ಹಿಡಿದು ಕಿರುಚಿದೆ. ಅಷ್ಟು ಖುಷಿ ನನಗೆ ಯಾವ ಪ್ರಮೋಷನ್‌ನಲ್ಲೂ ಆಗಿಲ್ಲ. 41ನೇ ಸೆಕೆಂಡಿಗೆ 'ಹೊರಡು' ಎನ್ನುವ ದನಿ ಬಂತು, ವಿಡಿಯೊ ಮುಗಿಯಿತು.

ಸುಂಟರಗಾಳಿ ಈಶಾನ್ಯಕ್ಕೆ ಹೋಗಿ ಕರಗಿದ ಮೇಲೆ ಅದು ಹಾದುಹೋದ ದಾರಿಗೆ ಬಂದೆವು. ಅಂಗಳದ ನೆಲಮಾಳಿಗೆಯಿಂದ ವಯಸ್ಸಾದ ಗಂಡ ಹೆಂಡತಿ ಹೊರಗೆ ಬಂದು ನಿಂತಿದ್ದರು. ಕೊಟ್ಟಿಗೆ ಇರಲಿಲ್ಲ. ಮನೆಯ ಅರ್ಧ ಮಾಡು ಹೊಲದಲ್ಲಿತ್ತು. ಅಡುಗೆಮನೆ ಆಕಾಶಕ್ಕೆ ತೆರೆದುಕೊಂಡಿತ್ತು. ಒಲೆಯ ಮೇಲಿನ ಪಾತ್ರೆ ಮಾತ್ರ ಹಾಗೇ ಇತ್ತು.

ಅವರಿಗೆ ಗಾಯವಾಗಿರಲಿಲ್ಲ. ಸಹೋದ್ಯೋಗಿ ಗ್ಯಾಸ್ ಬಂದ್ ಮಾಡಲು ಓಡಿದ. ಆ ಹೆಂಗಸು ನನ್ನ ಕೈಯಲ್ಲಿದ್ದ ಫೋನ್ ನೋಡಿ, 'ನೀನು ಅದನ್ನ ನೋಡಿದೆಯಾ? ನಮಗೆ ಒಳಗೆ ಸದ್ದು ಮಾತ್ರ ಕೇಳಿಸಿತು. ತೋರಿಸ್ತೀಯಾ?' ಅಂದರು.

ತೋರಿಸಿದೆ. ಸೌಂಡ್ ಆನ್ ಇತ್ತು. ಬಲತುದಿಯಲ್ಲಿ ಒಂದು ಬಿಳಿ ಚುಕ್ಕೆ. ಅವರು ಅದರ ಮೇಲೆ ಬೆರಳಿಟ್ಟು, 'ಅದು ನಮ್ಮ ಕೊಟ್ಟಿಗೆ' ಅಂದರು. ಧೂಳು ಅದನ್ನು ಮುಚ್ಚಿತು. ಆಮೇಲೆ ಆ ಚುಕ್ಕೆ ಇರಲಿಲ್ಲ. ನಾನದನ್ನು ಗಮನಿಸಿಯೇ ಇರಲಿಲ್ಲ. ಕಿರುಚುತ್ತಿದ್ದೆ.

'ನಿನ್ನ ಭಾಷೆಯಲ್ಲಿ ಏನೋ ಹೇಳ್ತಿದೀಯಲ್ಲ, ಏನದು?'

'ಅಯ್ಯೋ ದೇವ್ರೇ, ಅಂದೆ' ಅಂದೆ. ಎರಡನೇ ಸುಳ್ಳು. ಸುಳ್ಳೂ ಅಲ್ಲ, ಅರ್ಧ ನಿಜ. ಅವರು ನನ್ನ ತೋಳು ತಟ್ಟಿ, 'ಥ್ಯಾಂಕ್ಯೂ ಮಗಳೇ' ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಬೈಗುಳ ಬರುತ್ತೆ ಅಂತ ಫೋನ್ ಕಿವಿಯಿಂದ ದೂರ ಹಿಡಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಯಮ್ಮ ಈಗ ಎಲ್ಲಿ ಅಡಿಗೆ ಮಾಡ್ಕೊಂತಾಳೆ?' ಅಂದಳು.

ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ. ಅವರ ಹೆಸರು ಕೂಡ.

ಮುಂದಿನ ಭಾನುವಾರ ಸಹೋದ್ಯೋಗಿಯ ಹೆಂಡತಿಯ ಜೊತೆ ಮತ್ತೆ ಹೋದೆ. ಮಾಡಿನ ಮೇಲೆ ನೀಲಿ ಟಾರ್ಪಾಲು. ಅಂಗಳದಲ್ಲಿ ಸುತ್ತಮುತ್ತಲಿನ ಹೊಲದವರೆಲ್ಲ ಸೇರಿದ್ದರು. ಡಬ್ಬಿ ತುಂಬ ಒಯ್ದ ಚಿತ್ರಾನ್ನ ಅವರ ಕೈಗೆ ಕೊಟ್ಟು, ನಾನು ನಿಜವಾಗಿ ಏನಂದಿದ್ದೆ ಎಂಬುದನ್ನು ಹೇಳಿದೆ.

ಅವರು ಡಬ್ಬಿ ಮುಚ್ಚಳ ತೆಗೆದು ವಾಸನೆ ನೋಡಿದರು. 'ನಾನಿಲ್ಲೇ ಹುಟ್ಟಿದವಳು. ಸೈರನ್ ಕೂಗಿದ್ರೆ ಮೊದಲು ವರಾಂಡಕ್ಕೆ ಬಂದು ಮೋಡ ನೋಡ್ತೀನಿ. ಚೆನ್ನಾಗಿ ಇರುತ್ತೆ, ಅದು ನಿಜವೇ' ಅಂದರು. ಆಮೇಲೆ ನನ್ನ ಕೈಗೊಂದು ಸುತ್ತಿಗೆ ಕೊಟ್ಟು, ಹಲಗೆಗಳ ರಾಶಿ ತೋರಿಸಿದರು. ಮೊಳೆ ಕೀಳಬೇಕಿತ್ತು.

ಸಂಜೆಯವರೆಗೂ ಕಿತ್ತೆ. ಅವರ ಕೊಟ್ಟಿಗೆಯಲ್ಲಿ ಎಷ್ಟು ಮೊಳೆ ಇದ್ದವು ಅಂತ ಈಗ ನನಗೆ ಚೆನ್ನಾಗಿ ಗೊತ್ತು.