ಊಟದ ಮೇಜಿನ ಪಾಠ

ಒಂದು ಭಾಷೆ ಕಲಿಯಲು ಕಡಲು ದಾಟಬೇಕೇ? ಕಾಲೇಜು ಮಕ್ಕಳಿರುವ ನಮ್ಮ ಹಲವು ಮನೆಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತಿದೆ. ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ಅದನ್ನು ಬಲ್ಲವರಿಗೆ ಅನುವಾದ, ಪ್ರವಾಸೋದ್ಯಮ, ಕಂಪೆನಿಗಳ ಕಚೇರಿ ಎಂದು ಕೆಲಸದ ಬಾಗಿಲುಗಳಿವೆ. ಆದರೆ ಸ್ಪೇನಿಗೆ ಹೋಗಿ ಕಲಿಯುವುದೆಂದರೆ ಸಾಮಾನ್ಯ ಕುಟುಂಬಕ್ಕೆ ಹಗುರದ ಮಾತಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಇದು ಹಳೆಯ ರೂಢಿ. 1923ರಲ್ಲಿ ಡೆಲವೇರ್ ವಿಶ್ವವಿದ್ಯಾನಿಲಯವು ಎಂಟು ವಿದ್ಯಾರ್ಥಿಗಳನ್ನು ಫ್ರಾನ್ಸಿಗೆ ಕಳುಹಿಸಿತು. ಆ ದಾರಿಯಲ್ಲೇ ಮುಂದೆ ಸಾವಿರಾರು ಮಂದಿ ಸ್ಪೇನಿಗೂ ಹೊರಟರು. ಒಂದು ಸೆಮಿಸ್ಟರ್ ಅಥವಾ ಒಂದು ಬೇಸಿಗೆ ಅಲ್ಲಿನ ಮನೆಯೊಂದರಲ್ಲಿ ಉಳಿದು, ತರಗತಿಗೆ ಹೋಗಿ, ಅಲ್ಲಿ ಪಡೆದ ಅಂಕಗಳನ್ನು ತಮ್ಮ ಕಾಲೇಜಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ.

ರೋಮ್‌ನಲ್ಲಿ ಓದುತ್ತಿದ್ದಾಗ, 2012ರ ಬೇಸಿಗೆಯಲ್ಲಿ ಎಂಟು ವಾರ ನಾನೂ ಸ್ಪೇನಿನ ಸಲಮಾಂಕ ನಗರದಲ್ಲಿ ಇಂಥ ವಿದ್ಯಾರ್ಥಿಗಳ ಜೊತೆ ಕುಳಿತು ಕಲಿತೆ. 1218ರಲ್ಲಿ ಆರಂಭವಾದ ಅಲ್ಲಿನ ವಿಶ್ವವಿದ್ಯಾನಿಲಯ ಸ್ಪೇನಿನಲ್ಲೇ ಹಿರಿಯದು. ನೆಬ್ರಿಹ ಎಂಬ ವಿದ್ವಾಂಸರ ಸ್ಪ್ಯಾನಿಷ್ ವ್ಯಾಕರಣ 1492ರಲ್ಲಿ ಅಚ್ಚಾದದ್ದು ಈ ಊರಿನಲ್ಲೇ. ವಿಶ್ವವಿದ್ಯಾನಿಲಯದ ಕಲ್ಲಿನ ಮುಂಗೋಡೆಯಲ್ಲಿ ತಲೆಬುರುಡೆಯ ಮೇಲೊಂದು ಪುಟ್ಟ ಕಪ್ಪೆಯನ್ನು ಕೆತ್ತಿದ್ದಾರೆ. ಯಾರ ಸಹಾಯವೂ ಇಲ್ಲದೆ ಅದನ್ನು ಕಂಡವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆಂದು ವಿದ್ಯಾರ್ಥಿಗಳ ನಂಬಿಕೆ. ಇಪ್ಪತ್ತರ ಹುಡುಗರ ನಡುವೆ ಮೂವತ್ತು ದಾಟಿದ ನಾನು! ಆದರೆ ಸಂತ ಇಗ್ನಾಸಿಯವರು ಮೂವತ್ತಮೂರನೆಯ ವಯಸ್ಸಿನಲ್ಲಿ ಬಾರ್ಸಿಲೋನದಲ್ಲಿ ಚಿಕ್ಕ ಹುಡುಗರ ಜೊತೆ ಲತೀನ್ ಕಲಿತವರಲ್ಲವೇ?

ನನಗೆ ಅಲ್ಲಿ ಅಚ್ಚರಿ ತಂದದ್ದು ವ್ಯಾಕರಣ. 'ಮೆ ಗುಸ್ತಾ ಎಲ್ ಅರ್ರೋಸ್' ಎಂಬ ವಾಕ್ಯದ ಮುಂದೆ ಅಮೆರಿಕದ ಹುಡುಗರು ತಡವರಿಸುತ್ತಿದ್ದರು. ನನಗೆ ಅದು 'ನನಗೆ ಅನ್ನ ಇಷ್ಟ' ಎಂದಷ್ಟೇ ಸಲೀಸು. 'ಮಾತಾಡುತ್ತೇನೆ' ಎಂದರೆ 'ನಾನು' ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿಯೂ 'ಆಬ್ಲೊ' ಎಂದರೆ ಸಾಕು. ನೀನು, ನೀವು ಎಂಬ ಭೇದವೂ ಇದೆ: 'ತು' ಮತ್ತು 'ಉಸ್ತೆದ್'. ಮನೆಯಲ್ಲಿ ಕನ್ನಡವೋ ಕೊಂಕಣಿಯೋ ತುಳುವೋ, ಬಸ್ಸಿನಲ್ಲಿ ಮಲಯಾಳವೋ ಮಾತಾಡಿ ಬೆಳೆಯುವ ಗಡಿನಾಡಿನ ಮಕ್ಕಳಿಗೆ ಇನ್ನೊಂದು ಭಾಷೆ ಭಾರವಾಗದು. ಎಷ್ಟೋ ಪದಗಳು ಮೊದಲೇ ನಮ್ಮ ಮನೆ ಹೊಕ್ಕಿವೆ. ಪೋರ್ಚುಗೀಸರಿಂದ ನಮಗೆ ಬಂದ 'ಮೇಜು' ಸ್ಪ್ಯಾನಿಷ್‌ನಲ್ಲಿಯೂ 'ಮೆಸಾ'. 'ಪಾದ್ರಿ'ಯ ಮೂಲವಾದ 'ಪಾದ್ರೆ' ಎಂಬ ಪದ ಅಲ್ಲಿ ತಂದೆಗೂ ಸಲ್ಲುತ್ತದೆ, ಗುರುಗಳಿಗೂ ಸಲ್ಲುತ್ತದೆ.

ನಾನಿದ್ದ ಮನೆಯಲ್ಲಿ ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಒಂಬತ್ತೂವರೆಗೆ. ಉಂಡ ಮೇಲೆ ಯಾರೂ ಏಳುವುದಿಲ್ಲ. ಮೇಜಿನ ಸುತ್ತಲೇ ಕುಳಿತು ಹರಟುತ್ತಾರೆ. ಅದಕ್ಕೆ 'ಸೊಬ್ರೆಮೆಸಾ' ಎಂಬ ಹೆಸರೇ ಇದೆ. ಮನೆಯ ಅಜ್ಜಿ ತನ್ನನ್ನು 'ತು' ಎಂದೇ ಕರೆಯಬೇಕೆಂದರು. ಎಂಬತ್ತರ ಹತ್ತಿರದ ಹಿರಿಯರಿಗೆ 'ನೀನು' ಎನ್ನಲು ನನ್ನ ನಾಲಗೆ ಹೊರಳಲೇ ಇಲ್ಲ.

ಅದೇ ಮನೆಯಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳಿದ್ದರು. ಒಬ್ಬನು ಉಂಡ ಕೂಡಲೇ ಹೊರಟು ತನ್ನ ದೇಶದ ಗೆಳೆಯರ ಜೊತೆ ಇಂಗ್ಲಿಷಿನಲ್ಲೇ ಸಂಜೆ ಕಳೆಯುತ್ತಿದ್ದ. ಇನ್ನೊಬ್ಬನು ತಟ್ಟೆ ತೊಳೆಯಲು ಅಜ್ಜಿಯ ಜೊತೆ ನಿಲ್ಲುತ್ತಿದ್ದ, ಆಕೆಯ ಜೊತೆ ಸಂತೆಗೆ ಹೋಗುತ್ತಿದ್ದ. ಇಬ್ಬರೂ ಕಟ್ಟಿದ ಶುಲ್ಕ ಒಂದೇ, ಕುಳಿತ ತರಗತಿಯೂ ಒಂದೇ. ಎಂಟು ವಾರ ಕಳೆದಾಗ ಮೊದಲನೆಯವನು ಹೋಟೆಲಿನಲ್ಲಿ ಕಾಫಿ ಕೇಳುವಷ್ಟು ಕಲಿತಿದ್ದ. ಎರಡನೆಯವನು ಅಜ್ಜಿಯ ತಮಾಷೆಗೆ ಮರುತಮಾಷೆ ಹೇಳುತ್ತಿದ್ದ.

ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದವರು ನನ್ನಲ್ಲಿಗೆ ಬಂದರು. ಮಗಳಿಗೆ ಸ್ಪೇನಿನಲ್ಲಿ ಒಂದು ಸೆಮಿಸ್ಟರ್ ಕಲಿಯುವಾಸೆ. "ಫಾದರ್, ಅವಳ ಮದುವೆಗೆಂದು ಇಟ್ಟ ಚಿನ್ನವನ್ನು ಅಡವಿಡಬೇಕಾಗ್ತದೆ," ಎಂದರು ತಂದೆ. ತಾಯಿಯ ಚಿಂತೆ ಬೇರೆ: "ಹೋದವಳು ನಮ್ಮವಳಾಗಿಯೇ ತಿರುಗಿ ಬರ್ತಾಳಾ?"

ಮೊದಲ ಪ್ರಶ್ನೆಗೆ ನಾನು ಲೆಕ್ಕದ ಉತ್ತರ ಕೊಟ್ಟೆ. ಆರಂಭದ ಪಾಠಕ್ಕೆ ವಿಮಾನ ಹತ್ತಬೇಕಿಲ್ಲ. ದೆಹಲಿಯಲ್ಲಿ ಸ್ಪೇನ್ ಸರಕಾರದ ಸೆರ್ವಾಂಟೆಸ್ ಸಂಸ್ಥೆಯಿದೆ. 'ಡೆಲೆ' ಪರೀಕ್ಷೆಗೆ ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ಎರಡು ಹಂತ ಇಲ್ಲೇ ಮುಗಿಸಿ ಹೋದವರಿಗೆ ಅಲ್ಲಿನ ಒಂದೊಂದು ದಿನವೂ ಫಲ ಕೊಡುತ್ತದೆ. ಹೊರಡುವ ಮೊದಲು ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಅಲ್ಲಿನ ಅಂಕಗಳನ್ನು ಇಲ್ಲಿನ ಕಾಲೇಜು ಒಪ್ಪುತ್ತದೆಯೇ? ವಾಸ ಮನೆಯಲ್ಲೋ, ಹಾಸ್ಟೆಲಿನಲ್ಲೋ? ಶುಲ್ಕದಲ್ಲಿ ಊಟ, ವಿಮೆ ಸೇರಿವೆಯೇ?

ತಾಯಿಯ ಪ್ರಶ್ನೆಗೆ ಲೆಕ್ಕದ ಉತ್ತರವಿಲ್ಲ. "ಅಮ್ಮಾ, ರಾತ್ರಿ ನೀವೆಲ್ಲ ಒಟ್ಟಿಗೆ ಉಣ್ಣುತ್ತೀರಾ?" ಎಂದು ಕೇಳಿದೆ. ಅವರು ಮಗಳ ಮುಖ ನೋಡಿದರು. ಒಬ್ಬೊಬ್ಬರದು ಒಂದೊಂದು ಹೊತ್ತು, ಕೈಯಲ್ಲಿ ಫೋನು.

ಆ ಹುಡುಗಿ ಈಗ ಎ2 ಪರೀಕ್ಷೆಗೆ ಓದುತ್ತಿದ್ದಾಳೆ. ಚಿನ್ನ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇದೆ. ರಾತ್ರಿಯ ಊಟ ಮಾತ್ರ ನಾಲ್ವರೂ ಒಟ್ಟಿಗೆ ಮಾಡುತ್ತಿದ್ದಾರಂತೆ. ಪ್ರಿಯ ಓದುಗರೇ, ನಮ್ಮ ಮಕ್ಕಳು ಪರರ ಮೇಜಿನಲ್ಲಿ ಕುಳಿತು ಅವರ ಭಾಷೆ ಧಾರಾಳವಾಗಿ ಕಲಿಯಲಿ. ಅದಕ್ಕೂ ಮುಂಚೆ ನಮ್ಮ ಮೇಜಿನಲ್ಲಿ ನಮ್ಮ ಮಾತು ಅವರ ಕಿವಿಗೆ ಬೀಳಲಿ.