ಮರಸಿಗೊಂದು ಅಟ್ಟಣೆ

ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿ ಬಿಸಿಲು ಏರತೊಡಗಿತೆಂದರೆ ದನದ ಮೇವು, ಬೇಲಿತಂತಿ ಮಾರುವ ಅಂಗಡಿಗಳ ಮುಂದಿನ ಬಯಲಲ್ಲಿ ಬೇಟೆಯ ಅಟ್ಟಣೆಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಮೂರು ಕಾಲಿನವು, ನಾಲ್ಕು ಕಾಲಿನವು, ತಲೆಯ ಮೇಲೆ ಬರೀ ಒಂದು ಕುರ್ಚಿ ಹೊತ್ತವು, ಕಿಟಕಿ ಬಾಗಿಲುಗಳಿರುವ ಇಡೀ ಕೋಣೆಯನ್ನೇ ಹೊತ್ತವು. ಕೊಳ್ಳುವ ಯೋಚನೆಯಿಲ್ಲದವರೂ ಒಂದೆರಡನ್ನು ಹತ್ತಿ ಇಳಿಯದೆ ಮನೆಗೆ ಹೋಗುವುದಿಲ್ಲ. ನನಗಂತೂ ಆ ಬಯಲಲ್ಲಿ ಅರ್ಧ ದಿನ ಅಡ್ಡಾಡುವುದೆಂದರೆ ಊರ ಜಾತ್ರೆಗೆ ಹೋದಷ್ಟು ಸಡಗರ.

ಕಳೆದ ಬೇಸಿಗೆಯಲ್ಲಿ ಹೋದದ್ದು ಮಾತ್ರ ಕೆಲಸವಿಟ್ಟುಕೊಂಡು. ನಮ್ಮ ಪಕ್ಕದ ಮನೆಯ ಹಿರಿಯರು ಲ್ಯಾನೋ ಕೌಂಟಿಯಲ್ಲಿ ಒಂದು ಜಮೀನನ್ನು ಬೇಟೆಗೆಂದು ಗುತ್ತಿಗೆ ಹಿಡಿದಿದ್ದಾರೆ. ಈ ರಾಜ್ಯದ ನೆಲದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಖಾಸಗಿಯವರದ್ದು. ಹಾಗಾಗಿ ಇಲ್ಲಿ ಬೇಟೆಯೆಂದರೆ ಬಹುಮಟ್ಟಿಗೆ ಜಮೀನಿನ ಒಡೆಯರಿಗೆ ವರ್ಷಕ್ಕಿಷ್ಟೆಂದು ಕೊಟ್ಟು ಹೋಗುವುದೇ. ಹಿರಿಯರ ಮಂಡಿ ಈಗ ಮರ ಹತ್ತಲು ಒಪ್ಪುತ್ತಿಲ್ಲ. ಜೊತೆಗೆ ಅವರ ಮೊಮ್ಮಗಳು ಬೇಟೆಗಾರರ ತರಬೇತಿ ಮುಗಿಸಿ ಪ್ರಮಾಣಪತ್ರ ತಂದಿದ್ದಾಳೆ. 1971ರ ಸೆಪ್ಟೆಂಬರ್ 2ರಿಂದೀಚೆಗೆ ಹುಟ್ಟಿದವರಿಗೆ ಟೆಕ್ಸಸ್ ಈ ತರಬೇತಿಯ ಕಟ್ಟಳೆ ಹಾಕಿದೆ. ಅಜ್ಜನಿಗೆ ಆ ಕಟ್ಟಳೆ ಅನ್ವಯಿಸುವುದಿಲ್ಲ. ಆದರೂ ಮೊಮ್ಮಗಳ ಪಕ್ಕದಲ್ಲಿ ಕೂತು ಎಲ್ಲ ಪಾಠಗಳನ್ನೂ ಕೇಳಿದರು. ಇಬ್ಬರೂ ಒಟ್ಟಿಗೆ ಕೂರಬಹುದಾದ, ಮರದ ಹಂಗಿಲ್ಲದೆ ನಿಲ್ಲುವ ಅಟ್ಟಣೆಯೊಂದನ್ನು ಆರಿಸಬೇಕಿತ್ತು. ನನ್ನನ್ನು ಕರೆದದ್ದು ಸಲಹೆಗೆ. ಅಟ್ಟಣೆಗಳ ಬಗ್ಗೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆಂಬುದು ಅವರಿಗೆ ಗೊತ್ತು.

ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದ ನಮ್ಮಂಥವರಿಗೆ ಮಚಾನು ಎಂದೊಡನೆ ಮರದ ಕೊಂಬೆಗಳ ನಡುವಿನ ಮಂಚವೇ ಕಣ್ಣಿಗೆ ಬರುತ್ತದೆ. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಜಿಮ್ ಕಾರ್ಬೆಟ್ ಹೊಡೆದದ್ದೂ ಒಂದು ಮಾವಿನ ಮರದ ಮೇಲೆ ಕೂತು. ಆದರೆ ಲ್ಯಾನೋದಲ್ಲಿ ಮಾವಿನಂಥ ಮರವೆಲ್ಲಿದೆ? ಅಲ್ಲಿನ ಲೈವ್ ಓಕ್ ಕುಳ್ಳ ಮರ. ಆಳೆತ್ತರಕ್ಕೇ ಕವಲೊಡೆದು ಅಡ್ಡಡ್ಡ ಹರಡುತ್ತದೆ. ಸೀಡರ್ ಎಂದು ಕರೆಯುವ ಜುನಿಪರ್ ಬುಡದಿಂದಲೇ ಪೊದೆ, ಮೆಸ್ಕೀಟ್ ಮೈತುಂಬ ಮುಳ್ಳು. ಕಾಂಡಕ್ಕೆ ಬಿಗಿಯುವ ಅಟ್ಟಣೆಗಾಗಲಿ, ಒರಗಿಸುವ ಏಣಿಗಾಗಲಿ ನೆಟ್ಟಗೆ ಬೆಳೆದ ಮರ ಬೇಕು. ಅದು ಪೂರ್ವ ಟೆಕ್ಸಸ್‌ನ ಪೈನ್ ಕಾಡಿನವರ ಭಾಗ್ಯ. ದಕ್ಷಿಣದ ಕುರುಚಲು ಸೀಮೆಯಲ್ಲಿ ಮೂರು ಕಾಲಿನ ಅಟ್ಟಣೆ ಅಷ್ಟು ಬಳಕೆಗೆ ಬಂದದ್ದು ಮರದ ಕೊರತೆಯಿಂದಲೇ.

ಮರದ ಹಂಗಿಲ್ಲದ ಅಟ್ಟಣೆ ಮಲೆನಾಡಿನವನಾದ ನನಗೆ ಹೊಸದಲ್ಲ. ಭತ್ತ ತೆನೆಗಟ್ಟಿದಾಗ ಗದ್ದೆಯಂಚಿಗೆ ನಾಲ್ಕು ಕಂಬ ನೆಟ್ಟು, ಅಡಿಕೆ ದಬ್ಬೆ ಹಾಸಿ, ಮೇಲೆ ಹುಲ್ಲು ಹೊದಿಸಿ ಮಾಳ ಕಟ್ಟುತ್ತಿದ್ದೆವು. ಹಂದಿಗಳು ಬರಬಾರದೆಂದು ಕೆಳಗೆ ಬೆಂಕಿ, ಕೈಯಲ್ಲಿ ಡಬ್ಬ, ಬಾಯಲ್ಲಿ ಕೂಗು. ನಾವಿದ್ದೇವೆ ಎಂದು ಕಾಡಿಗೆಲ್ಲ ಸಾರುವುದೇ ಅಲ್ಲಿನ ಕೆಲಸ. ಇಲ್ಲಿ ಅದೇ ನಾಲ್ಕು ಕಾಲಿನ ಮೇಲೆ ಕೂತು ನಾವಿಲ್ಲವೆಂದು ನಂಬಿಸಬೇಕು. ಮಾಳದಲ್ಲಿ ದಬ್ಬೆ ಕಿರುಗುಟ್ಟಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ; ಇಲ್ಲಿ ಒಂದು ಬೋಲ್ಟು ಕಿರುಗುಟ್ಟಿದರೂ ಬೆಳಗು ಹಾಳು.

ಬೇಟೆಯೆಂದರೆ ಊರಿನಲ್ಲಿರುವ ನಮ್ಮವರ ಹುಬ್ಬು ಗಂಟಿಕ್ಕುತ್ತದೆ, ಅದು ನ್ಯಾಯವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಕಾಡುಗಳಿಗೆ ಬರಲೇಬೇಕಿತ್ತು, ಬಂತು. ಇಲ್ಲಿನ ಲೆಕ್ಕ ಬೇರೆ. ಜಿಂಕೆಗಳನ್ನು ತಿನ್ನುತ್ತಿದ್ದ ತೋಳವನ್ನು ಈ ನಾಡಿನಿಂದ ಎಂದೋ ಅಳಿಸಿಹಾಕಿದರು. ಇನ್ನು ಸ್ಕ್ರೂವರ್ಮ್ ಎಂಬ ನೊಣ: ಹಸಿಗಾಯದಲ್ಲಿ, ಆಗ ತಾನೆ ಹುಟ್ಟಿದ ಮರಿಯ ಹೊಕ್ಕುಳಲ್ಲಿ ಮೊಟ್ಟೆಯಿಡುತ್ತಿತ್ತು, ಮೊಟ್ಟೆಯೊಡೆದ ಹುಳುಗಳು ಜೀವಂತ ಮಾಂಸವನ್ನೇ ತಿನ್ನುತ್ತಿದ್ದವು. ನಿಪ್ಲಿಂಗ್ ಮತ್ತು ಬುಷ್‌ಲ್ಯಾಂಡ್ ಎಂಬ ವಿಜ್ಞಾನಿಗಳು ವಿಕಿರಣದಿಂದ ಬಂಜೆಯಾಗಿಸಿದ ಗಂಡು ನೊಣಗಳನ್ನು ರಾಶಿ ರಾಶಿ ಬಿಟ್ಟು ಆ ಸಂತತಿಯನ್ನೇ ಮುರಿಯುವ ದಾರಿ ಕಂಡುಹಿಡಿದರು. ಅದಕ್ಕಾಗಿ ಇಬ್ಬರಿಗೂ 1992ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ದನಗಳಿಗೆಂದು ಮಾಡಿದ ಆ ಕೆಲಸ ಜಿಂಕೆಗಳಿಗೂ ವರವಾಯಿತು. 1960ರ ದಶಕದಲ್ಲಿ ನೊಣ ತೊಲಗಿದ ಮೇಲೆ ಹಿಲ್ ಕಂಟ್ರಿಯಲ್ಲಿ ಮರಿಗಳು ಬದುಕಿ ಉಳಿದವು, ಹಿಂಡು ಏರುತ್ತಲೇ ಹೋಯಿತು. ಈಗ ರಾಜ್ಯದಲ್ಲಿ ಬಿಳಿಬಾಲದ ಜಿಂಕೆಗಳು 50 ಲಕ್ಷಕ್ಕೂ ಮಿಗಿಲು. ಕೆಲವು ಜಮೀನುಗಳಲ್ಲಿ ಓಕ್ ಮರದ ಎಳೆ ಸಸಿಯೊಂದು ಮೊಣಕಾಲೆತ್ತರ ದಾಟುವುದನ್ನು ಕಾಣುವುದೇ ಕಷ್ಟ. ಕೌಂಟಿಗೆ ಇಷ್ಟೆಂಬ ಮಿತಿಯಲ್ಲಿ, ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಎಂಬ ಕಟ್ಟುಪಾಡಿನಲ್ಲಿ ನಡೆಯುವ ಈ ಬೇಟೆಯನ್ನು ನಾನು ಮನಃಪೂರ್ವಕವಾಗಿ ಒಪ್ಪಿದ್ದೇನೆ.

ಇನ್ನು ಆಯ್ಕೆಯ ಮಾತು. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಎತ್ತರ: 10 ಅಡಿಯೋ, 15 ಅಡಿಯೋ, 20 ಅಡಿಯೋ? ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಅದಲ್ಲ. ಜಾಗಕ್ಕೆ ಹೋಗಿ ನೆಲದ ಮೇಲೇ ಕೂರಬೇಕು. ಗಾಳಿ ಯಾವ ಕಡೆಯಿಂದ, ಸೂರ್ಯ ಯಾವ ಕಡೆ, ಜಿಂಕೆ ತುಳಿದ ಜಾಡು ಎಲ್ಲಿ ಎಂದು ನೋಡಿಕೊಂಡ ಮೇಲೆ ಎಷ್ಟು ಎತ್ತರ ಬೇಕೆಂಬುದನ್ನು ಆ ಜಾಗವೇ ಹೇಳುತ್ತದೆ. ಇಲ್ಲಿ ಸಾಮಾನ್ಯ ದಿನಗಳಲ್ಲಿ ತೆಂಕಣ ಗಾಳಿ. ನವೆಂಬರಿನಲ್ಲಿ ಚಳಿಯಲೆ ನುಗ್ಗಿತೆಂದರೆ ಗಾಳಿ ಗಕ್ಕನೆ ತಿರುಗಿ ಬಡಗಣದಿಂದ ಬೀಸುತ್ತದೆ, ಮಧ್ಯಾಹ್ನ ಬೆವರುತ್ತಿದ್ದವನು ರಾತ್ರಿ ಉಣ್ಣೆ ಹೊದೆಯಬೇಕಾಗುತ್ತದೆ. ಜಿಂಕೆ ಕಣ್ಣಿಗಿಂತ ಮೂಗನ್ನು ನಂಬುವ ಪ್ರಾಣಿ. ಎರಡೂ ಗಾಳಿಗೆ ಹೊಂದಬೇಕೆಂದರೆ ನಾವು ನೋಡುವ ಬಯಲು ಅಟ್ಟಣೆಯ ಮೂಡಣಕ್ಕೋ ಪಡುವಣಕ್ಕೋ ಇರಬೇಕು. ಮೂಡಣಕ್ಕೆ ಮುಖ ಮಾಡಿದರೆ ಎಳೆಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಹಿರಿಯರಿಗೆ ಬೆಳಗಿನ ಹೊತ್ತೇ ಇಷ್ಟ. ಹಾಗಾಗಿ ಬಯಲಿನ ಮೂಡಣ ಅಂಚಿನಲ್ಲಿ, ಓಕ್ ಮರಗಳ ಗುಂಪಿಗೆ ಬೆನ್ನು ಕೊಟ್ಟು, ಪಡುವಣಕ್ಕೆ ಮುಖ ಮಾಡಿ ನಿಲ್ಲಿಸುವುದೆಂದು ನಿರ್ಧರಿಸಿದೆವು. ಬೆನ್ನಿಗೆ ಮರವಿದ್ದರೆ ಆಕಾಶದೆದುರು ನಮ್ಮ ನೆರಳುಗೆರೆ ಮೂಡುವುದಿಲ್ಲ. ಅಲ್ಲಿ ಹತ್ತಡಿಯೇ ಧಾರಾಳ. ಕುರುಚಲ ಮೇಲಿಂದ ನೋಟ ಸಾಗುತ್ತದೆ. ಗುಂಡು ಇಳಿಮುಖವಾಗಿ ಹೋಗುವುದರಿಂದ ಗುರಿ ತಪ್ಪಿದರೂ ನೆಲ ಸೇರುತ್ತದೆ. ಅದಕ್ಕೂ ಎತ್ತರ ಹೋದರೆ ಗಾಳಿಯ ಕಾಟ ಹೆಚ್ಚು, ಹತ್ತುವ ಕಷ್ಟ ಹೆಚ್ಚು. ಬಿಲ್ಲುಗಾರನಿಗಂತೂ ಮೇಲಿಂದ ಕಡಿದಾದ ಕೋನದಲ್ಲಿ ಜಿಂಕೆಯ ಎದೆಗೂಡು ಕಿರಿದಾಗಿ ಸಿಗುತ್ತದೆ.

ಮೂರು ಕಾಲಿನದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ಅದರ ಸರಳತೆ ನನಗೆ ಪ್ರಿಯ. ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಕಾಲು ಕುಂಟುವುದಿಲ್ಲ. ಸುತ್ತ ತಿರುಗುವ ಕುರ್ಚಿ, ನಾಲ್ಕೂ ದಿಕ್ಕಿಗೆ ತೆರೆದ ಬಯಲು, ಗಾಳಿ ತಡೆಯುವ ಗೋಡೆಯಿಲ್ಲದ್ದರಿಂದ ಉರುಳುವ ಭಯವೂ ಕಡಿಮೆ. ಆದರೆ ಅದು ಒಬ್ಬರ ಆಸನ, ಅಲ್ಲಾಡದೆ ಕೂರುವ ಅಭ್ಯಾಸವಿದ್ದವರ ಆಸನ. ಮೈಗೆ ಪೂರ್ತಿ ಪಟ್ಟಿಗಳ ಹರ್ನೆಸ್ ಬಿಗಿಯದೆ ಅದನ್ನು ಹತ್ತಲೇಬಾರದು. ಹೊಸದಾಗಿ ಕಲಿಯುತ್ತಿರುವ ಹುಡುಗಿ ಮೂಗು ತುರಿಸಿಕೊಳ್ಳಬೇಕು, ಬಿಸ್ಕತ್ತು ತಿನ್ನಬೇಕು, ಅಜ್ಜನ ಕಿವಿಯಲ್ಲಿ ಏನೋ ಕೇಳಬೇಕು. ಅವಳಿಗೆ ಗೋಡೆ ಬೇಕೇ ಬೇಕು.

ಗೋಡೆಯೆಂದರೆ ಆರಡಿ ಅಗಲ, ಆರಡಿ ಉದ್ದದ ಕೋಣೆ. ಪ್ಲೈವುಡ್ಡಿನದು ಅಗ್ಗ, ಮಳೆಗೆ ಉಬ್ಬುತ್ತದೆ. ತಗಡಿನದು ಗಟ್ಟಿ, ಆದರೆ ಬೆಳಗಿನ ಬಿಸಿಲು ತಾಕಿದೊಡನೆ ಲೋಹ ಹಿಗ್ಗಿ ಟಿಕ್ ಟಿಕ್ ಎನ್ನುತ್ತದೆ, ಹನಿ ಬಿದ್ದರೆ ತಮಟೆ. ಫೈಬರ್‌ಗ್ಲಾಸಿನದಕ್ಕೆ ಬೆಲೆ ಜಾಸ್ತಿ, ಸದ್ದಿಲ್ಲ, ವರ್ಷಾನುಗಟ್ಟಲೆ ನಿಲ್ಲುತ್ತದೆ. ಹಿರಿಯರು ಅದರೊಳಗೆ ಹೋಗಿ ಮೊದಲು ಮಾಡಿದ ಕೆಲಸ ಕಿಟಕಿ ತೆರೆದದ್ದು. ಕಣ್ಣು ಮುಚ್ಚಿ, ಕಿವಿ ಹತ್ತಿರ ತಂದು, ಒಂದೊಂದೇ ಕಿಟಕಿಯನ್ನು ಬೆರಳ ತುದಿಯಿಂದ ಇಳಿಸಿ ಏರಿಸಿದರು. ಸದ್ದು ಮಾಡಿದ ಒಂದನ್ನು ಮತ್ತೆ ಮತ್ತೆ ಆಡಿಸಿ, ತಪ್ಪು ಕೀಲಿನದ್ದೋ ಚೌಕಟ್ಟಿನದ್ದೋ ಎಂದು ಗೊತ್ತಾಗುವವರೆಗೆ ಬಿಡಲಿಲ್ಲ. ನೆಲಕ್ಕೆ ಹಾಸಿದ ಕಾರ್ಪೆಟ್ಟನ್ನು ಬೂಟಿನಿಂದ ಉಜ್ಜಿ ನೋಡಿದರು. ಒಳಗೋಡೆಗೆ ಕಪ್ಪು ಬಣ್ಣವಿದೆಯೇ ಎಂದು ಕೇಳಿದರು. ಒಳಗು ಕತ್ತಲಾಗಿದ್ದರೆ ಹೊರಗಿನಿಂದ ಮನುಷ್ಯನ ಚಲನೆ ಕಾಣದು. ಕಿತ್ತಳೆ ಬಣ್ಣ ಜಿಂಕೆಯ ಕಣ್ಣಿಗೆ ಮಂಕು, ನೀಲಿ ಮಾತ್ರ ಎದ್ದು ಕಾಣುತ್ತದೆ ಎಂಬುದು ತರಬೇತಿಯ ಪಾಠಗಳಲ್ಲೇ ಇತ್ತಂತೆ. ಮೊಮ್ಮಗಳು ತನ್ನ ಜೀನ್ಸನ್ನು ಒಮ್ಮೆ ನೋಡಿಕೊಂಡಳು.

ಅವಳನ್ನು ಕುರ್ಚಿಯ ಮೇಲೆ ಕೂರಿಸಿ ನೋಡಿದಾಗಲೇ ನಿಜವಾದ ಆಯ್ಕೆ ನಡೆದದ್ದು. ಕಿಟಕಿಯ ಕೆಳಪಟ್ಟಿ ಅವಳ ಗಲ್ಲಕ್ಕೆ ಬರುತ್ತಿತ್ತು. ಕೋವಿಯನ್ನು ಪಟ್ಟಿಯ ಮೇಲೆ ಆನಿಸಬೇಕೆಂದರೆ ಅವಳು ಎದ್ದು ನಿಲ್ಲಬೇಕು, ನಿಂತರೆ ಕೈ ನಡುಗುತ್ತದೆ. ಪಕ್ಕದಲ್ಲಿದ್ದ, ಅಡ್ಡ ಕಿಟಕಿಗಳು ಒಂದು ಗೇಣು ತಗ್ಗಿನಲ್ಲಿದ್ದ ಕೋಣೆ ಅಷ್ಟು ಚೆಂದವಿರಲಿಲ್ಲ, ಬಣ್ಣವೂ ಮಾಸಿತ್ತು. ಅದರಲ್ಲಿ ಅವಳ ಭುಜ ಕಿಟಕಿಗೆ ಸರಿಯಾಗಿ ಹೊಂದಿತು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಅದಕ್ಕೊಂದು ಮಣೆಯಿಟ್ಟರಾಯಿತು. ನನ್ನ ಮಾತು ಅಷ್ಟೇ: ಚಿಕ್ಕವರ ಭುಜಕ್ಕೆ ಕಿಟಕಿ, ಹಿರಿಯರ ಮಂಡಿಗೆ ಮೆಟ್ಟಿಲು. ಉಳಿದದ್ದೆಲ್ಲ ಆಮೇಲೆ. ನೆಟ್ಟಗಿನ ಏಣಿಯ ಬದಲು ಓರೆಯಾದ, ಅಗಲ ಹಲಗೆಯ, ಎರಡೂ ಕಡೆ ಹಿಡಿಕೆಯಿರುವ ಮೆಟ್ಟಿಲಿಗೆ ಹೆಚ್ಚು ದುಡ್ಡು ಕೇಳಿದರು. ಕೊಟ್ಟದ್ದಕ್ಕೆ ಯಾರೂ ಮರುಗಲಿಲ್ಲ. ಅಟ್ಟಣೆಯಿಂದ ಬೀಳುವವರು ಹೆಚ್ಚಾಗಿ ಬೀಳುವುದು ಹತ್ತುವಾಗ, ಇಳಿಯುವಾಗ, ಬಾಗಿಲು ದಾಟುವಾಗ. ಕೋವಿಯಂತೂ ಯಾವತ್ತೂ ತೋಟೆಯಿಲ್ಲದೆ, ಹಗ್ಗ ಕಟ್ಟಿ ಬೇರೆಯಾಗಿಯೇ ಮೇಲೆ ಹೋಗಬೇಕು.

ನಿಲ್ಲಿಸುವುದಕ್ಕೆ ಜುಲೈ ಕೊನೆಯ ಸುಡುಬಿಸಿಲಲ್ಲೇ ಹೋದೆವು. ಹೊಸ ಆಕಾರವೊಂದು ತನ್ನ ಬಯಲಲ್ಲಿ ಎದ್ದರೆ ಜಿಂಕೆ ಮೊದಲು ಮುಂಗಾಲು ನೆಲಕ್ಕೆ ಬಡಿದು, ತಲೆ ಏರಿಸಿ ಇಳಿಸಿ, ಬಾಲದ ಬಿಳಿ ತೋರಿಸಿ ಓಡುತ್ತದೆ. ಕೆಲವು ವಾರ ಕಳೆದರೆ ಅದರ ನೆರಳಲ್ಲೇ ಮೇಯುತ್ತದೆ. ಲ್ಯಾನೋದ ನೆಲವೆಂದರೆ ಕಣಶಿಲೆ ಪುಡಿಯಾದ ಗರಸು ಮಣ್ಣು, ಅದರಡಿ ಬಂಡೆ. ತಿರುಪಿನ ಗೂಟ ಗೇಣುದ್ದ ಇಳಿದು ನಿಂತುಬಿಟ್ಟಿತು. ಬೇಲಿಯ ಕಬ್ಬಿಣದ ಕಂಬಗಳನ್ನು ಬಂಡೆಯ ಸೀಳುಗಳಲ್ಲಿ ಬಡಿದು, ನಾಲ್ಕೂ ಮೂಲೆಯಿಂದ ಉಕ್ಕಿನ ತಂತಿ ಎಳೆದು ಕಟ್ಟಿದೆವು. ಆರಡಿ ಗೋಡೆಗೆ ಬಡಗಣ ಗಾಳಿ ಬಿದ್ದರೆ ಅದೇನು ಸಾಮಾನ್ಯ ನೂಕಲ್ಲ. ಕಾಲುಗಳ ಕೆಳಗೆ ಚಪ್ಪಟೆ ಉಕ್ಕಿನ ತಟ್ಟೆ, ನೀರುಮಟ್ಟ ಇಟ್ಟು ನೋಡಿ ಮತ್ತೆ ಬಿಗಿತ. ಅಕ್ಟೋಬರಿನಲ್ಲಿ ಮತ್ತೊಮ್ಮೆ ಹೋಗಿ ಬೋಲ್ಟುಗಳನ್ನು ಬಿಗಿದೆವು. ಕೆಂಪು ಕಣಜಗಳು ಚಾವಣಿಯ ಮೂಲೆಯಲ್ಲಿ ಗೂಡು ಕಟ್ಟಿದ್ದವು. ಇಲ್ಲಿ ಬಾಗಿಲು ತೆರೆದೊಡನೆ ಒಳಗೆ ಕಾಲಿಡದೆ ಮೊದಲು ಚಾವಣಿ ನೋಡುವುದು ಎಲ್ಲರ ರೂಢಿ.

ಮಕ್ಕಳಿಗೆಂದೇ ಮೀಸಲಾದ ವಾರಾಂತ್ಯ, ನವೆಂಬರಿನ ಮೊದಲ ಶನಿವಾರ ಎಲ್ಲರಿಗೂ ಬೇಟೆ ತೆರೆಯುವ ಮುಂಚೆಯೇ ಬರುತ್ತದೆ. ಅಜ್ಜ ಮೊಮ್ಮಗಳು ಮರಸು ಕೂತರು. ಅವಳು ದೊಡ್ಡ ಕೊಂಬಿನ ಗಂಡಿಗೆ ಆಸೆಪಡದೆ, ಮರಿಯಿಲ್ಲದ ಒಂದು ಹೆಣ್ಣು ಜಿಂಕೆ ಅಡ್ಡಮೈ ಕೊಡುವವರೆಗೆ ಕಾದು, ಒಂದೇ ಈಡಿಗೆ ಕೆಡವಿದಳಂತೆ. ಟ್ಯಾಗ್ ತುಂಬಿ ಕಟ್ಟಿದ್ದೂ ಅವಳೇ. ಕಾಡುಜಿಂಕೆಯ ಮಾಂಸವನ್ನು ಇಲ್ಲಿ ಮಾರುವಂತಿಲ್ಲ. ಹಂಚಬಹುದು, ಹಸಿದವರಿಗೆ ಊಟ ಒದಗಿಸುವ ಸಂಸ್ಥೆಗಳಿಗೆ ಕೊಡಬಹುದು. ನಮ್ಮ ಮನೆಗೂ ಒಂದು ತೊಡೆಯ ಭಾಗ ಬಂತು. ಕೊಬ್ಬಿಲ್ಲದ ಮಾಂಸ, ಜೋರು ಉರಿಗೆ ಚರ್ಮದಂತಾಗುತ್ತದೆ. ನನ್ನವಳು ಕಾಳುಮೆಣಸು, ಕೊತ್ತಂಬರಿ ಬೀಜ ಹುರಿದು ಕುಟ್ಟಿ, ಮೊಸರಲ್ಲಿ ರಾತ್ರಿಯಿಡೀ ನೆನೆಸಿ, ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಹುರಿದ ತೆಂಗಿನ ತುರಿ ಹಾಕಿದಳು. ಪಕ್ಕದ ಮನೆಯವರು ಅಕ್ಕಿ ರೊಟ್ಟಿಯ ಜೊತೆ ಎರಡನೇ ಸಲ ಬಡಿಸಿಕೊಂಡರು.

ಉಳಿದಿರುವ ಚರ್ಚೆ ಸಂಜೆಯದು. ಪಡುವಣಕ್ಕೆ ಮುಖ ಮಾಡಿದ ಕಿಟಕಿಗೆ ಇಳಿಬಿಸಿಲು ನೇರ ಬರುತ್ತದೆ. ಚಾವಣಿಯನ್ನು ಮುಂದಕ್ಕೆ ಚಾಚಿಸೋಣ ಎಂದು ಹಿರಿಯರು, ಅದು ಗಾಳಿಗೆ ಹಿಡಿತ ಕೊಡುತ್ತದೆ ಎಂದು ನಾನು. ಕೊನೆಗೆ ಸಂಜೆಗೆಂದೇ ಬಯಲಿನ ಆಚೆ ಅಂಚಿನಲ್ಲಿ, ಮೂಡಣಕ್ಕೆ ಮುಖ ಮಾಡಿ, ಮೂರು ಕಾಲಿನದೊಂದನ್ನು ನಿಲ್ಲಿಸುವುದೆಂದಾಯಿತು. ಎರಡರಲ್ಲೂ ಒಂದೇ ಹೊತ್ತಿಗೆ ಯಾರೂ ಕೂರಬಾರದು ಎಂಬ ಒಪ್ಪಂದದೊಂದಿಗೆ. ಸಂಜೆಯ ಪಾಳಿ ನನ್ನದು. ಹರ್ನೆಸ್ ಈಗಾಗಲೇ ತಂದಿಟ್ಟಿದ್ದೇನೆ.